ವಸ್ತುವನ್ನು ಮುಟ್ಟದೆ ಅದರ ವಿದ್ಯುತ್ಕಾಂತೀಯ ಗುಣಗಳನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ಕಾಂತೀಯ ಗುಣಗಳು ಎಂದರೆ ಇಲ್ಲಿ ಯಾವುವು?

ಮುಖ್ಯವಾಗಿ ಮೂರು. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಪರ್ಮಿಟಿವಿಟಿ ಹೇಳುತ್ತದೆ. ಕಾಂತಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಪರ್ಮಿಯಬಿಲಿಟಿ ಹೇಳುತ್ತದೆ. ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ವಾಹಕತೆ ಹೇಳುತ್ತದೆ. ಮೊದಲಿನ ಎರಡನ್ನು ಸಾಮಾನ್ಯವಾಗಿ ನಿರ್ವಾತಕ್ಕೆ ಹೋಲಿಸಿದ ಅನುಪಾತವಾಗಿ ಬರೆಯುತ್ತಾರೆ. ಗಾಳಿಯ ಸಾಪೇಕ್ಷ ಪರ್ಮಿಟಿವಿಟಿ ಸುಮಾರು 1.0006, ಟೆಫ್ಲಾನಿನದು 2.1ರ ಆಸುಪಾಸು, ಅಲ್ಯೂಮಿನಾದ್ದು ಹತ್ತಕ್ಕೆ ಸ್ವಲ್ಪ ಕಡಿಮೆ, 20 ಡಿಗ್ರಿ ಸೆಲ್ಸಿಯಸ್‌ನ ನೀರಿನದು ಸುಮಾರು 80.

ಪರ್ಮಿಟಿವಿಟಿ, ಪರ್ಮಿಯಬಿಲಿಟಿ ಎರಡೂ ವಾಸ್ತವವಾಗಿ ಸಂಕೀರ್ಣ ಸಂಖ್ಯೆಗಳು. ವಾಸ್ತವ ಭಾಗವು ವಸ್ತುವಿನಲ್ಲಿ ಶೇಖರವಾಗಿ ಮರಳುವ ಶಕ್ತಿಗೆ ಸಂಬಂಧಿಸಿದ್ದು, ಕಾಲ್ಪನಿಕ ಭಾಗವು ಶಾಖವಾಗಿ ಕಳೆದುಹೋಗುವ ಶಕ್ತಿಗೆ ಸಂಬಂಧಿಸಿದ್ದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ಲಾಸ್ ಟ್ಯಾಂಜೆಂಟ್. ಎರಡೂ ಆವರ್ತಾಂಕದೊಂದಿಗೆ ಮತ್ತು ಉಷ್ಣತೆಯೊಂದಿಗೆ ಬದಲಾಗುತ್ತವೆ. ನೀರಿನ 80 ಎಂಬ ಅಂಕಿ ಕಡಿಮೆ ಆವರ್ತಾಂಕಗಳಿಗೆ ಮಾತ್ರ ಸಲ್ಲುತ್ತದೆ. 17 ಗಿಗಾಹರ್ಟ್ಸ್ ಸುತ್ತಮುತ್ತ ಅದು ಅರ್ಧದ ಹತ್ತಿರಕ್ಕೆ ಇಳಿದು ನಷ್ಟ ಶಿಖರಕ್ಕೇರುತ್ತದೆ. ಅದೇ ನೀರು ಹೆಪ್ಪುಗಟ್ಟಿದರೆ ಮೈಕ್ರೋವೇವ್ ವ್ಯಾಪ್ತಿಯಲ್ಲಿ ಪರ್ಮಿಟಿವಿಟಿ 3.2ರ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಆವರ್ತಾಂಕವನ್ನೂ ಉಷ್ಣತೆಯನ್ನೂ ಜೊತೆಗೆ ಹೇಳದ ಅಂಕಿಯನ್ನು ಅರ್ಧ ಮಾಹಿತಿ ಎಂದೇ ಪರಿಗಣಿಸಬೇಕು.

ಮುಟ್ಟದೆ ಅಳೆಯುವಾಗ ಉಪಕರಣವು ನೇರವಾಗಿ ಅಳೆಯುವುದು ಏನನ್ನು?

ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಉಳಿದೆಲ್ಲವೂ ನಿಂತಿದೆ. ಯಾವ ಉಪಕರಣವೂ ಪರ್ಮಿಟಿವಿಟಿಯನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಅಲೆಗಳ ಅನುಪಾತವನ್ನು: ಕಳುಹಿಸಿದ ಅಲೆಗೆ ಹೋಲಿಸಿದರೆ ಪ್ರತಿಫಲಿಸಿ ಬಂದದ್ದು ಎಷ್ಟು, ಹಾದುಹೋದದ್ದು ಎಷ್ಟು, ಮತ್ತು ಅವುಗಳ ಫೇಸ್ (ಏರಿಳಿತದ ಆವರ್ತನೆಯಲ್ಲಿ ಅಲೆ ಇರುವ ಹಂತ) ಎಷ್ಟು ಹಿಂದೆ ಬಿತ್ತು. ಸುರುಳಿ ಬಳಸುವ ವಿಧಾನಗಳಲ್ಲಿ ಅದು ಸುರುಳಿಯ ಇಂಪಿಡೆನ್ಸ್‌ನಲ್ಲಿ, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆಯಲ್ಲಿ, ಆದ ಬದಲಾವಣೆ. ರೆಸೊನೇಟರ್ (ಕೆಲವೇ ಆವರ್ತಾಂಕಗಳಲ್ಲಿ ಅಲೆಯನ್ನು ಬಲವಾಗಿ ಅನುರಣಿಸುವ ಸಾಧನ) ವಿಧಾನಗಳಲ್ಲಿ ಅನುರಣನದ ಆವರ್ತಾಂಕ ಎಷ್ಟು ಸರಿಯಿತು ಎಂಬುದು. ಅಲ್ಲಿಂದ ಗುಣದವರೆಗಿನ ದಾರಿಯನ್ನು ಒಂದು ಗಣಿತ ಮಾದರಿ ಕ್ರಮಿಸುತ್ತದೆ. ವಸ್ತು ಚಪ್ಪಟೆಯಾಗಿದೆ, ಎಲ್ಲ ಕಡೆ ಒಂದೇ ದಪ್ಪವಿದೆ, ಏಕರೂಪವಾಗಿದೆ, ಅಲೆ ಲಂಬವಾಗಿ ಬಂದು ಬಡಿಯುತ್ತದೆ ಎಂದು ಆ ಮಾದರಿ ನಂಬಿಕೊಂಡಿರುತ್ತದೆ. ಈ ನಂಬಿಕೆಗಳಲ್ಲಿ ಯಾವುದಾದರೊಂದು ತಪ್ಪಿದರೂ ಉಪಕರಣ ಸುಮ್ಮನೆ ಒಂದು ಅಂಕಿ ಕೊಡುತ್ತದೆಯೇ ಹೊರತು ಎಚ್ಚರಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ದುಬಾರಿ ಉಪಕರಣಕ್ಕಿಂತ ಒಳ್ಳೆಯ ಮೈಕ್ರೋಮೀಟರ್ ಮತ್ತು ನೇರವಾಗಿ ನಿಲ್ಲುವ ಹಿಡಿಕೆ ಇಲ್ಲಿ ಹೆಚ್ಚು ನಿಖರತೆ ತಂದುಕೊಡುತ್ತವೆ.

ಮುಟ್ಟಿಯೇ ಅಳೆದರೆ ತೊಂದರೆ ಏನು?

ಅನೇಕ ಸಂದರ್ಭಗಳಲ್ಲಿ ಏನೂ ತೊಂದರೆಯಿಲ್ಲ, ಮತ್ತು ಆಗ ಮುಟ್ಟಿ ಅಳೆಯುವುದೇ ಸರಳ. ಆದರೆ ವೇವ್‌ಗೈಡ್ (ಅಲೆಯನ್ನು ಸಾಗಿಸುವ ಲೋಹದ ಕೊಳವೆ) ಅಥವಾ ಕೋಆಕ್ಸಿಯಲ್ ಕೊಳವೆಯೊಳಗೆ ಮಾದರಿಯನ್ನು, ಅಂದರೆ ಅಳೆಯಬೇಕಾದ ವಸ್ತುವಿನ ತುಂಡನ್ನು, ಕೂರಿಸುವಾಗ ಲೋಹದ ಗೋಡೆಗೂ ಮಾದರಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಪರ್ಮಿಟಿವಿಟಿ ಕಡಿಮೆಯಾಗಿ ತೋರುತ್ತದೆ. ವಸ್ತುವಿನ ಪರ್ಮಿಟಿವಿಟಿ ಹೆಚ್ಚಿದ್ದಷ್ಟೂ ಈ ದೋಷ ದೊಡ್ಡದು. 8.2ರಿಂದ 12.4 ಗಿಗಾಹರ್ಟ್ಸ್ ವ್ಯಾಪ್ತಿಯ ವೇವ್‌ಗೈಡಿನ ಒಳ ಅಳತೆ 22.86 × 10.16 ಮಿಲಿಮೀಟರ್, ಅದಕ್ಕೆ ಸರಿಯಾಗಿ ಕೂರುವಂತೆ ಗಟ್ಟಿ ಸೆರಾಮಿಕ್ ತುಂಡನ್ನು ಕತ್ತರಿಸುವುದು ಸುಲಭದ ಕೆಲಸವಲ್ಲ. ಇದಲ್ಲದೆ ಕೆಂಪಗೆ ಕಾದ ವಸ್ತು, ಸಾಗುತ್ತಿರುವ ಪಟ್ಟಿಯ ಮೇಲಿನ ಹಾಳೆ, ಗೀರು ಬೀಳಬಾರದ ಸಿಲಿಕಾನ್ ಬಿಲ್ಲೆ ಇಂಥವುಗಳಿಗೆ ಎಲೆಕ್ಟ್ರೋಡ್ ತಾಗಿಸುವುದೇ ಸಾಧ್ಯವಿಲ್ಲ.

ತೆರೆದ ಜಾಗದ ವಿಧಾನ ಹೇಗೆ ಕೆಲಸ ಮಾಡುತ್ತದೆ?

ಎದುರುಬದುರಾಗಿ ಎರಡು ಹಾರ್ನ್ (ಕಹಳೆಯಾಕಾರದ) ಆಂಟೆನಾಗಳು, ನಡುವೆ ಚಪ್ಪಟೆ ಹಲಗೆಯ ರೂಪದ ಮಾದರಿ, ಎರಡೂ ಆಂಟೆನಾಗಳಿಗೆ ಜೋಡಿಸಿದ ವೆಕ್ಟರ್ ನೆಟ್‌ವರ್ಕ್ ಅನಲೈಸರ್: ಇಷ್ಟೇ ಸಜ್ಜಿಕೆ. ಅನಲೈಸರ್ ಪ್ರತಿ ಆವರ್ತಾಂಕದಲ್ಲೂ ಪ್ರತಿಫಲಿತ ಮತ್ತು ಹಾದುಹೋದ ಅಲೆಗಳ ಪಾರವನ್ನೂ (ಅಲೆಯ ಎತ್ತರ) ಫೇಸನ್ನೂ ದಾಖಲಿಸುತ್ತದೆ.

ಒಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 10 ಮಿಲಿಮೀಟರ್ ದಪ್ಪದ ಟೆಫ್ಲಾನ್ ಹಲಗೆಯನ್ನು 10 ಗಿಗಾಹರ್ಟ್ಸ್‌ನಲ್ಲಿ ಅಳೆಯುತ್ತಿದ್ದೇವೆ ಎಂದುಕೊಳ್ಳೋಣ. ಪರ್ಮಿಟಿವಿಟಿ 2.1 ಆದ್ದರಿಂದ ವಕ್ರೀಭವನಾಂಕ ಅದರ ವರ್ಗಮೂಲ, ಅಂದರೆ 1.45. ಗಾಳಿಯಲ್ಲಿ ಅಷ್ಟೇ ದೂರ ಸಾಗಿದ ಅಲೆಗಿಂತ ಹಲಗೆಯೊಳಗೆ ಸಾಗಿದ ಅಲೆ 4.5 ಮಿಲಿಮೀಟರ್‌ನಷ್ಟು, ಸಮಯದ ಲೆಕ್ಕದಲ್ಲಿ 15 ಪಿಕೋಸೆಕೆಂಡ್, ತಡವಾಗಿ ಬರುತ್ತದೆ. ಈ ಆವರ್ತಾಂಕದಲ್ಲಿ ಒಂದು ಪೂರ್ಣ ಅಲೆಗೆ 100 ಪಿಕೋಸೆಕೆಂಡ್ ಬೇಕಾದ್ದರಿಂದ, ಒಳಗಿನ ಮರುಪ್ರತಿಫಲನಗಳನ್ನು ಸದ್ಯಕ್ಕೆ ಬದಿಗಿಟ್ಟರೆ, ಫೇಸ್ ವ್ಯತ್ಯಾಸ 54 ಡಿಗ್ರಿ. ಇದನ್ನು ಒಂದು ಡಿಗ್ರಿಗಿಂತ ಚೆನ್ನಾಗಿ ಅಳೆಯುವುದು ಇಂದಿನ ಅನಲೈಸರ್‌ಗಳಿಗೆ ಕಷ್ಟವಲ್ಲ. ಆದರೆ ದಪ್ಪವನ್ನು 10ರ ಬದಲು 10.1 ಮಿಲಿಮೀಟರ್ ಎಂದು ಬರೆದುಕೊಂಡಿದ್ದರೆ ಅದೇ 54 ಡಿಗ್ರಿಯಿಂದ ಬರುವ ಪರ್ಮಿಟಿವಿಟಿ 2.09, ಮೂರನೆಯ ಅಂಕಿ ಅಲ್ಲಿಗೇ ಹೋಯಿತು.

ಹಾದುಹೋಗುವ ಅಲೆಯ ಒಂದು ಅನುಕೂಲವನ್ನು ಹೊಸಬರು ಗಮನಿಸುವುದಿಲ್ಲ. ಮಾದರಿಯನ್ನು ಎರಡು ಆಂಟೆನಾಗಳ ನಡುವೆ ಒಂದು ಮಿಲಿಮೀಟರ್ ಹಿಂದೆ ಮುಂದೆ ಸರಿಸಿದರೂ ಹಾದುಹೋದ ಅಲೆಯ ಫೇಸ್ ಬದಲಾಗುವುದಿಲ್ಲ, ಏಕೆಂದರೆ ಒಂದು ಬದಿಯಲ್ಲಿ ಹೆಚ್ಚಾದ ಗಾಳಿ ಇನ್ನೊಂದು ಬದಿಯಲ್ಲಿ ಕಡಿಮೆಯಾಗಿರುತ್ತದೆ. ಪ್ರತಿಫಲಿತ ಅಲೆ ಹಾಗಲ್ಲ: ಹೋಗಿಬರುವ ದಾರಿ ಎರಡು ಮಿಲಿಮೀಟರ್ ಬದಲಾಗಿ, 30 ಮಿಲಿಮೀಟರ್ ಅಲೆಯುದ್ದದಲ್ಲಿ ಅದು 24 ಡಿಗ್ರಿ ಫೇಸ್ ದೋಷವಾಗುತ್ತದೆ. ಹೀಗಾಗಿ ವಸ್ತು ಕಾಂತೀಯವಲ್ಲ ಎಂಬುದು ಖಚಿತವಿದ್ದರೆ ಹಾದುಹೋದ ಅಲೆಯೊಂದರಿಂದಲೇ ಪರ್ಮಿಟಿವಿಟಿ ತೆಗೆಯುವುದು ಜಾಣತನ.

ನಿಕಲ್ಸನ್-ರಾಸ್-ವೀರ್ ಸೂತ್ರ ಬಳಸಿದಾಗ ನಕ್ಷೆಯಲ್ಲಿ ಅಲ್ಲಲ್ಲಿ ಚೂಪಾದ ಶಿಖರಗಳು ಬರುತ್ತವೆ. ಅವು ವಸ್ತುವಿನ ಗುಣವೇ?

ಬಹುತೇಕ ಅಲ್ಲ. ನಿಕಲ್ಸನ್ ಮತ್ತು ರಾಸ್ 1970ರಲ್ಲಿ, ವೀರ್ 1974ರಲ್ಲಿ ಪ್ರಕಟಿಸಿದ ಈ ಕ್ರಮವು ಪ್ರತಿಫಲನ ಹಾಗೂ ಹಾದುಹೋಗುವಿಕೆ ಎರಡನ್ನೂ ಬಳಸಿ ಪರ್ಮಿಟಿವಿಟಿ, ಪರ್ಮಿಯಬಿಲಿಟಿ ಎರಡನ್ನೂ ನೇರ ಸೂತ್ರದಿಂದ ಕೊಡುತ್ತದೆ. ಅದರ ದೌರ್ಬಲ್ಯವೂ ಅಷ್ಟೇ ಪ್ರಸಿದ್ಧ. ಮಾದರಿಯ ದಪ್ಪವು ಅದರೊಳಗಿನ ಅಲೆಯುದ್ದದ ಅರ್ಧಕ್ಕೆ, ಅಥವಾ ಅದರ ಪೂರ್ಣ ಗುಣಕಕ್ಕೆ ಸಮವಾದಾಗ, ಮುಂದಿನ ಮತ್ತು ಹಿಂದಿನ ಮೇಲ್ಮೈಗಳ ಪ್ರತಿಫಲನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನಷ್ಟ ಕಡಿಮೆಯಿರುವ ವಸ್ತುವಿನಲ್ಲಿ ಆಗ ಉಳಿಯುವ ಪ್ರತಿಫಲನ ಸೊನ್ನೆಯ ಹತ್ತಿರ. ಸೊನ್ನೆಯ ಹತ್ತಿರದ ಅಲೆಯ ಫೇಸ್ ಎಂದರೆ ಬರೀ ಗದ್ದಲ, ಸೂತ್ರವು ಆ ಗದ್ದಲವನ್ನು ಹಿಗ್ಗಿಸಿ ಶಿಖರವಾಗಿ ತೋರಿಸುತ್ತದೆ. ದಪ್ಪ ಬದಲಿಸಿ ಮತ್ತೊಮ್ಮೆ ಅಳೆಯಿರಿ: ಶಿಖರ ಬೇರೆ ಆವರ್ತಾಂಕಕ್ಕೆ ಸರಿದರೆ ಅದು ವಸ್ತುವಿನದಲ್ಲ. ಬೇಕರ್-ಜಾರ್ವಿಸ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಅಮೆರಿಕದ ಪ್ರಮಾಣಸಂಸ್ಥೆಯಿಂದ ಪ್ರಕಟಿಸಿದ ಪುನರಾವರ್ತಿತ ಲೆಕ್ಕಾಚಾರದ ಕ್ರಮವು ಕಾಂತೀಯವಲ್ಲದ ವಸ್ತುಗಳಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಇನ್ನೊಂದು ಬಲೆ ಫೇಸ್‌ನದು. ಅಳೆದ 54 ಡಿಗ್ರಿ ನಿಜವಾಗಿ 414 ಡಿಗ್ರಿಯೂ ಆಗಿರಬಹುದು, ಏಕೆಂದರೆ 360 ಡಿಗ್ರಿಗೊಮ್ಮೆ ಫೇಸ್ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಆವರ್ತಾಂಕದೊಂದಿಗೆ ಫೇಸ್ ಎಷ್ಟು ಬೇಗ ಬದಲಾಗುತ್ತದೆ ಎಂಬುದರಿಂದ, ಅಂದರೆ ಗ್ರೂಪ್ ಡಿಲೇಯಿಂದ, ಸರಿಯಾದ ಸುತ್ತನ್ನು ಆರಿಸಬಹುದು. ಇಲ್ಲವೇ ಎರಡು ಬೇರೆ ದಪ್ಪಗಳಲ್ಲಿ ಅಳೆದು, ಎರಡಕ್ಕೂ ಒಂದೇ ಉತ್ತರ ಕೊಡುವ ಸುತ್ತನ್ನು ಹಿಡಿಯಬಹುದು.

ಮಾದರಿ ಎಷ್ಟು ದೊಡ್ಡದಿರಬೇಕು, ಆಂಟೆನಾ ಎಷ್ಟು ದೂರವಿರಬೇಕು?

ಅಲೆಯ ಕಿರಣ ಮಾದರಿಯ ಅಂಚನ್ನು ಸವರಿದರೆ ಅಂಚಿನಿಂದ ಚದುರಿದ ಅಲೆಗಳು ಅಳತೆಯಲ್ಲಿ ಬೆರೆಯುತ್ತವೆ. ಆದ್ದರಿಂದ ಮಾದರಿಯ ಅಗಲವು ಅದರ ಮೇಲೆ ಬೀಳುವ ಕಿರಣದ ಅಗಲದ ಮೂರು ಪಟ್ಟಾದರೂ ಇರಲಿ ಎಂಬುದು ರೂಢಿಯಲ್ಲಿರುವ ಅಳತೆಗೋಲು. ಸಾಧಾರಣ ಹಾರ್ನ್‌ನಿಂದ ಸಮತಲ ಅಲೆ ಬೇಕಿದ್ದರೆ ಆಂಟೆನಾ ಬಾಯಿಯ ಅಗಲದ ವರ್ಗದ ಎರಡರಷ್ಟನ್ನು ಅಲೆಯುದ್ದದಿಂದ ಭಾಗಿಸಿ ಬಂದ ದೂರಕ್ಕಿಂತ ಆಚೆ ಮಾದರಿಯನ್ನು ಇಡಬೇಕು. 10 ಸೆಂಟಿಮೀಟರ್ ಬಾಯಿಯ ಹಾರ್ನ್‌ಗೆ 10 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 67 ಸೆಂಟಿಮೀಟರ್. ಅಷ್ಟು ದೂರದಲ್ಲಿ ಕಿರಣ ಹರಡಿ, ಮೀಟರ್ ಅಗಲದ ಮಾದರಿ ಬೇಕಾಗುತ್ತದೆ. ಲೆನ್ಸ್ ಅಳವಡಿಸಿ ಕಿರಣವನ್ನು ಒಂದು ಚುಕ್ಕೆಗೆ ಕೂಡಿಸುವ ಆಂಟೆನಾಗಳು ಬಳಕೆಗೆ ಬಂದದ್ದು ಈ ಕಾರಣಕ್ಕೇ; ಘೋಡಗಾಂವ್ಕರ್ ಮತ್ತು ವರದನ್ ದಂಪತಿ 1989ರಲ್ಲಿ ಪ್ರಕಟಿಸಿದ ಕೆಲಸ ಈ ದಾರಿಯಲ್ಲಿ ಇಂದಿಗೂ ಮೊದಲು ನೆನಪಾಗುವಂಥದ್ದು.

ಕ್ಯಾಲಿಬ್ರೇಶನ್‌ನಲ್ಲಿ (ಅಳೆಯುವ ಮುನ್ನ ಸಜ್ಜಿಕೆಯ ದೋಷಗಳನ್ನು ತಿಳಿದು ಕಳೆಯುವುದರಲ್ಲಿ) ಜನ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಕೇಬಲ್‌ನ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಕೈತೊಳೆದುಕೊಳ್ಳುವುದರಲ್ಲಿ. ಅಳತೆ ನಡೆಯಬೇಕಾದದ್ದು ಮಾದರಿಯ ಮೇಲ್ಮೈಯಲ್ಲಿ. ಕೇಬಲ್ ತುದಿಗೂ ಆ ಮೇಲ್ಮೈಗೂ ನಡುವೆ ಆಂಟೆನಾ, ಲೆನ್ಸ್, ಗಾಳಿ ಎಲ್ಲ ಇವೆ. ಮಾದರಿಯ ಜಾಗದಲ್ಲಿ ಚಪ್ಪಟೆ ಲೋಹದ ಹಲಗೆಯನ್ನಿಟ್ಟು ಒಮ್ಮೆ, ಏನೂ ಇಡದೆ ಒಮ್ಮೆ, ಆಂಟೆನಾವನ್ನು ಕಾಲು ಅಲೆಯುದ್ದದಷ್ಟು ಸರಿಸಿ ಒಮ್ಮೆ ಅಳೆದು ದೋಷಗಳನ್ನು ಕಳೆಯುವ ಕ್ರಮಗಳಿವೆ. ಲೋಹದ ಹಲಗೆಗೂ ದಪ್ಪವಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎರಡನೆಯ ಆಂಟೆನಾದ ಪ್ರತಿಫಲನ ಫೇಸ್ ಪೂರ್ತಿ ಓರೆಯಾಗುತ್ತದೆ.

ಇದರ ಮೇಲೆ ಟೈಮ್ ಗೇಟಿಂಗ್ ಸೇರುತ್ತದೆ: ಆವರ್ತಾಂಕದ ದತ್ತಾಂಶವನ್ನು ಕಾಲಕ್ಕೆ ಪರಿವರ್ತಿಸಿ, ಮಾದರಿಯಿಂದ ಬಂದ ಭಾಗವನ್ನು ಮಾತ್ರ ಉಳಿಸಿಕೊಂಡು ಗೋಡೆ, ಮೇಜು, ಆಂಟೆನಾ ಬಾಯಿಗಳ ಪ್ರತಿಧ್ವನಿಯನ್ನು ಕತ್ತರಿಸಿ ಹಾಕುವುದು. ಇದು ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸಬಲ್ಲದು ಎಂಬುದನ್ನು ಆವರ್ತಾಂಕ ವ್ಯಾಪ್ತಿ ತೀರ್ಮಾನಿಸುತ್ತದೆ. 4.2 ಗಿಗಾಹರ್ಟ್ಸ್ ವ್ಯಾಪ್ತಿಗೆ ಸುಮಾರು 0.24 ನ್ಯಾನೋಸೆಕೆಂಡ್, ಅಲೆ ಹೋಗಿಬರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿಫಲಿಸುವ ಎರಡು ಮೇಲ್ಮೈಗಳ ನಡುವೆ ಸುಮಾರು ಮೂರೂವರೆ ಸೆಂಟಿಮೀಟರ್ ಅಂತರ. ಅದಕ್ಕಿಂತ ಹತ್ತಿರದ ಎರಡು ಪ್ರತಿಫಲನಗಳು ಒಂದರೊಳಗೊಂದು ಕರಗಿರುತ್ತವೆ. ಗೇಟನ್ನು ತೀರಾ ಕಿರಿದಾಗಿಸಿದರೆ ಮಾದರಿಯ ಒಳಗಿನ ಮರುಪ್ರತಿಫಲನಗಳೂ ಕತ್ತರಿಸಿಹೋಗಿ, ಸೂತ್ರ ನಿರೀಕ್ಷಿಸುವ ಮಾಹಿತಿಯೇ ಇಲ್ಲವಾಗುತ್ತದೆ. ವ್ಯಾಪ್ತಿಯ ಎರಡೂ ತುದಿಗಳ ದತ್ತಾಂಶ ಗೇಟಿಂಗ್ ನಂತರ ವಿಕಾರಗೊಳ್ಳುವುದರಿಂದ ಅದನ್ನು ಬಿಟ್ಟುಬಿಡುವುದೇ ಲೇಸು.

ಲೋಹದ ವಾಹಕತೆಯನ್ನೂ ಹೀಗೆಯೇ ಅಳೆಯಬಹುದೇ?

ತೆರೆದ ಜಾಗದ ಪ್ರತಿಫಲನದಿಂದ ಸಾಧ್ಯವಿಲ್ಲ ಎನ್ನುವಷ್ಟು ಕಷ್ಟ. ತಾಮ್ರದ ಮೇಲ್ಮೈ 10 ಗಿಗಾಹರ್ಟ್ಸ್ ಅಲೆಯ ಶಕ್ತಿಯಲ್ಲಿ ಹೀರಿಕೊಳ್ಳುವುದು ಶೇಕಡಾ 0.03ಕ್ಕೂ ಕಡಿಮೆ. ವಾಹಕತೆ ಅರ್ಧದಷ್ಟಿರುವ ಲೋಹವನ್ನು ಅಲ್ಲಿಟ್ಟರೆ ಅದು ಶೇಕಡಾ 0.04 ಆಗುತ್ತದೆ. ಈ ವ್ಯತ್ಯಾಸ ಯಾವ ಸಾಮಾನ್ಯ ಸಜ್ಜಿಕೆಯ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಸುಳಿ ಪ್ರವಾಹದ ವಿಧಾನ ಕೈಹಿಡಿಯುತ್ತದೆ. ಪರ್ಯಾಯ ವಿದ್ಯುತ್ ಹರಿಯುವ ಪುಟ್ಟ ಸುರುಳಿಯನ್ನು ಲೋಹದ ಹತ್ತಿರ ತಂದರೆ ಲೋಹದಲ್ಲಿ ಸುಳಿ ಪ್ರವಾಹಗಳು ಹುಟ್ಟಿ, ಅವುಗಳ ಕಾಂತಕ್ಷೇತ್ರ ಸುರುಳಿಯ ಇಂಪಿಡೆನ್ಸ್ ಅನ್ನು ಬದಲಿಸುತ್ತದೆ. 60 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ವಾಹಕತಾ ಮಾಪಕಗಳು ಬಳಕೆಯಲ್ಲಿವೆ. ಆ ಆವರ್ತಾಂಕದಲ್ಲಿ ತಾಮ್ರದೊಳಗೆ ಪ್ರವಾಹ ಇಳಿಯುವ ಆಳ ಸುಮಾರು 0.27 ಮಿಲಿಮೀಟರ್. ತಗಡಿನ ದಪ್ಪ ಇದರ ಮೂರು ಪಟ್ಟಾದರೂ ಇರದಿದ್ದರೆ ಮಾಪಕವು ತಗಡಿನ ಜೊತೆಗೆ ಅದರ ಹಿಂದಿರುವುದನ್ನೂ ಅಳೆಯುತ್ತದೆ. ಸುರುಳಿಗೂ ಲೋಹಕ್ಕೂ ಇರುವ ಅಂತರ ಬದಲಾದರೂ ಸೂಚನೆ ಬದಲಾಗುತ್ತದೆ, ಆದರೆ ಇಂಪಿಡೆನ್ಸ್ ಬೇರೊಂದು ದಿಕ್ಕಿನಲ್ಲಿ ಸರಿಯುವುದರಿಂದ ಒಳ್ಳೆಯ ಮಾಪಕಗಳು ಬಣ್ಣದ ಪದರದಷ್ಟು ಅಂತರವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಸರಿಯಾದ ಶಾಖ ಸಂಸ್ಕರಣೆ ಆಗಿದೆಯೇ ಎಂಬುದನ್ನು ಹೀಗೆ ವಾಹಕತೆಯ ಮೂಲಕ ಪರೀಕ್ಷಿಸುತ್ತಾರೆ. ಉಷ್ಣತೆಯನ್ನು ಮಾತ್ರ ಮರೆಯಬಾರದು: ಪ್ರತಿ ಡಿಗ್ರಿಗೆ ತಾಮ್ರದ ವಾಹಕತೆ ಶೇಕಡಾ 0.4ರಷ್ಟು ಬದಲಾಗುತ್ತದೆ. ಕಬ್ಬಿಣ, ಉಕ್ಕುಗಳಲ್ಲಿ ಪರ್ಮಿಯಬಿಲಿಟಿಯೂ ಬೆರೆತುಕೊಳ್ಳುವುದರಿಂದ ಒಂದೇ ಆವರ್ತಾಂಕದ ಸೂಚನೆಯನ್ನು ವಾಹಕತೆ ಎಂದು ಓದಬಾರದು.

ತೆಳು ವಾಹಕ ಪದರಗಳ ಕತೆ ಬೇರೆ, ಮತ್ತು ಬಹಳ ಸೊಗಸಾದದ್ದು. ಅಲೆಯುದ್ದಕ್ಕೂ ಪ್ರವಾಹ ಇಳಿಯುವ ಆಳಕ್ಕೂ ಹೋಲಿಸಿದರೆ ತೀರಾ ತೆಳುವಾದ ಪದರದ ಮೂಲಕ ಎಷ್ಟು ಅಲೆ ಹಾಯುತ್ತದೆ ಎಂಬುದನ್ನು ಅದರ ಶೀಟ್ ರೆಸಿಸ್ಟೆನ್ಸ್ (ಪದರದ ಒಂದು ಚೌಕದ ಎದುರುಬದುರು ಅಂಚುಗಳ ನಡುವಿನ ವಿದ್ಯುತ್ ತಡೆ) ಒಂದೇ ತೀರ್ಮಾನಿಸುತ್ತದೆ. ನಿರ್ವಾತದ ಇಂಪಿಡೆನ್ಸ್ 377 ಓಮ್‌ನ ಅರ್ಧ, ಅಂದರೆ ಚೌಕಕ್ಕೆ 188 ಓಮ್‌ನ ಹತ್ತಿರವಿರುವ ಪದರ ಕಾಲು ಭಾಗ ಶಕ್ತಿಯನ್ನು ಹಾಯಗೊಡುತ್ತದೆ, ಕಾಲು ಭಾಗವನ್ನು ಪ್ರತಿಫಲಿಸುತ್ತದೆ, ಉಳಿದರ್ಧವನ್ನು ಹೀರುತ್ತದೆ. ಪಾರದರ್ಶಕ ವಾಹಕ ಲೇಪನಗಳಿಗೆ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ.

ನಷ್ಟ ಅತಿ ಕಡಿಮೆಯಿರುವ ವಸ್ತುವಿಗೆ ಯಾವ ವಿಧಾನ?

ರೆಸೊನೇಟರ್. ಮೇಲೆ ಹೇಳಿದ ಟೆಫ್ಲಾನ್ ಹಲಗೆಯ ಲಾಸ್ ಟ್ಯಾಂಜೆಂಟ್ 0.0002 ಎಂದುಕೊಂಡರೆ ಒಮ್ಮೆ ಹಾದುಹೋಗುವಾಗ ಆಗುವ ನಷ್ಟ 0.003 ಡೆಸಿಬೆಲ್‌ಗೂ ಕಡಿಮೆ. ಕೇಬಲ್ ಸ್ವಲ್ಪ ಬಾಗಿದರೂ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಎದುರುಬದುರಾದ ಎರಡು ತಗ್ಗು ಕನ್ನಡಿಗಳ ನಡುವೆ ಮಾದರಿಯನ್ನಿಟ್ಟರೆ ಅಲೆ ಅದರ ಮೂಲಕ ಸಾವಿರಾರು ಬಾರಿ ಹಾದುಹೋಗುವುದರಿಂದ ಅದೇ ಪುಟ್ಟ ನಷ್ಟ ಅನುರಣನದ ಅಗಲದಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ, ಕೆಲವೇ ನಿರ್ದಿಷ್ಟ ಆವರ್ತಾಂಕಗಳಲ್ಲಿ ಮಾತ್ರ ಉತ್ತರ ಸಿಗುತ್ತದೆ.

ಟೆರಾಹರ್ಟ್ಸ್ ಅಳತೆಯ ವಿಶೇಷವೇನು?

ಟೆರಾಹರ್ಟ್ಸ್ ಟೈಮ್-ಡೊಮೇನ್ ಕ್ರಮದಲ್ಲಿ ಫೆಮ್ಟೋಸೆಕೆಂಡ್ ಲೇಸರ್ ಬಳಸಿ ಪಿಕೋಸೆಕೆಂಡ್ ಅವಧಿಯ ವಿದ್ಯುತ್ಕಾಂತೀಯ ಸ್ಪಂದನವನ್ನು ಹುಟ್ಟಿಸಿ, ಅದರ ವಿದ್ಯುತ್ ಕ್ಷೇತ್ರವನ್ನೇ ಕಾಲಕ್ರಮದಲ್ಲಿ ದಾಖಲಿಸುತ್ತಾರೆ. ಬೆಳಕಿನ ಸಾಮಾನ್ಯ ಅಳತೆಗಳಂತೆ ತೀವ್ರತೆ ಮಾತ್ರವಲ್ಲದೆ ಫೇಸ್ ಕೂಡ ಸಿಗುವುದರಿಂದ ವಕ್ರೀಭವನಾಂಕ ಮತ್ತು ಹೀರಿಕೆ ಎರಡೂ ಒಂದೇ ಅಳತೆಯಲ್ಲಿ ಬರುತ್ತವೆ. ಬಣ್ಣದ ಪದರಗಳು, ಮಾತ್ರೆಗಳ ಲೇಪನ, ಪ್ಲಾಸ್ಟಿಕ್ ಹಾಳೆ ಇವುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ನೀರು ಮಾತ್ರ ಇದರ ಶತ್ರು: 1 ಟೆರಾಹರ್ಟ್ಸ್‌ನಲ್ಲಿ 0.1 ಮಿಲಿಮೀಟರ್ ನೀರಿನ ಪದರವೇ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಭಾಗವನ್ನು ನುಂಗುತ್ತದೆ. ಗಾಳಿಯಲ್ಲಿನ ತೇವವೂ 0.557 ಟೆರಾಹರ್ಟ್ಸ್ ಮುಂತಾದ ಕಡೆ ಚೂಪಾದ ಹೀರಿಕೆ ತೋರುವುದರಿಂದ ಪೆಟ್ಟಿಗೆಯೊಳಗೆ ಒಣ ನೈಟ್ರೋಜನ್ ತುಂಬಿಸಿ ಅಳೆಯುತ್ತಾರೆ.

ತೇವಾಂಶವನ್ನು ಇದೇ ತತ್ತ್ವದಿಂದ ತಿಳಿಯಬಹುದೇ?

ಹೌದು, ಈ ಕ್ಷೇತ್ರದ ಅತ್ಯಂತ ಬಳಕೆಯ ಉಪಯೋಗಗಳಲ್ಲಿ ಅದೊಂದು. ಒಣ ಪದಾರ್ಥಗಳ ಪರ್ಮಿಟಿವಿಟಿ ಸಾಮಾನ್ಯವಾಗಿ ಎರಡರಿಂದ ಐದರ ನಡುವೆ ಇರುತ್ತದೆ, ನೀರಿನದು ಅದಕ್ಕಿಂತ ಬಹಳ ಮೇಲೆ. ಹಾಗಾಗಿ ಸ್ವಲ್ಪ ನೀರು ಸೇರಿದರೂ ಅಳತೆಯಲ್ಲಿ ಕಾಣುತ್ತದೆ. ಪಟ್ಟಿಯ ಮೇಲೆ ಸಾಗುವ ಕಾಳು ಅಥವಾ ಪುಡಿಯಲ್ಲಿ ತೊಡಕೆಂದರೆ ರಾಶಿ ಎಷ್ಟು ಒತ್ತಾಗಿದೆ ಎಂಬುದೂ ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಅಲೆ ಕುಗ್ಗಿದ ಪ್ರಮಾಣವನ್ನು ಫೇಸ್ ಬದಲಾವಣೆಯಿಂದ ಭಾಗಿಸಿದರೆ ಒತ್ತೊತ್ತಿನ ಪ್ರಭಾವ ಬಹುಪಾಲು ರದ್ದಾಗಿ ತೇವಾಂಶದ್ದು ಉಳಿಯುತ್ತದೆ. ಇದನ್ನೇ ತೀರಾ ದೊಡ್ಡ ಅಂತರಕ್ಕೆ ಒಯ್ದರೆ 2009ರಲ್ಲಿ ಹಾರಿದ ಯುರೋಪಿನ ಸ್ಮಾಸ್ ಮತ್ತು 2015ರಲ್ಲಿ ಹಾರಿದ ಅಮೆರಿಕದ ಸ್ಮ್ಯಾಪ್ ಉಪಗ್ರಹಗಳು ಸಿಗುತ್ತವೆ, ಅವು 1.4 ಗಿಗಾಹರ್ಟ್ಸ್ ಸುಮಾರಿನಲ್ಲಿ ನೆಲ ಸೂಸುವ ವಿಕಿರಣವನ್ನು ಅಳೆದು, ಅದರಿಂದ ಮಣ್ಣಿನ ಪರ್ಮಿಟಿವಿಟಿ ಮತ್ತು ತೇವವನ್ನು ಲೆಕ್ಕಹಾಕುತ್ತವೆ.

ಬಂದ ಉತ್ತರವನ್ನು ನಂಬಬಹುದೇ ಎಂದು ಹೇಗೆ ತಿಳಿಯುವುದು?

ಮೊದಲು ಗುಣ ಗೊತ್ತಿರುವ ವಸ್ತುವನ್ನು ಅಳೆಯಬೇಕು. ಏನೂ ಇಲ್ಲದ ಗಾಳಿಯನ್ನೇ ಮಾದರಿ ಎಂದುಕೊಂಡು ಅಳೆದರೂ ಬಹಳಷ್ಟು ತಿಳಿಯುತ್ತದೆ. ನಷ್ಟ ಋಣಾತ್ಮಕವಾಗಿ ಬಂದರೆ ವಸ್ತು ಶಕ್ತಿಯನ್ನು ಸೃಷ್ಟಿಸುತ್ತಿದೆ ಎಂದಾಗುತ್ತದೆ, ಹೊರಗಿನಿಂದ ಶಕ್ತಿ ಪಡೆಯದ ವಸ್ತುವಿನಲ್ಲಿ ಅದು ಅಸಾಧ್ಯ. ತಪ್ಪು ಕ್ಯಾಲಿಬ್ರೇಶನ್‌ನಲ್ಲಿರುತ್ತದೆ ಅಥವಾ ಸಾಫ್ಟ್‌ವೇರ್ ಕಾಲ್ಪನಿಕ ಭಾಗಕ್ಕೆ ಬೇರೆ ಚಿಹ್ನೆಯ ರೂಢಿ ಬಳಸುತ್ತಿರುತ್ತದೆ. ಪರ್ಮಿಟಿವಿಟಿಯ ವಾಸ್ತವ ಮತ್ತು ಕಾಲ್ಪನಿಕ ಭಾಗಗಳು ಸ್ವತಂತ್ರವಲ್ಲ, ಕ್ರಾಮರ್ಸ್-ಕ್ರೋನಿಗ್ ಸಂಬಂಧದಿಂದ ಅವು ಒಂದಕ್ಕೊಂದು ಬಂಧಿತವಾಗಿವೆ. ಒಂದು ಭಾಗ ಆವರ್ತಾಂಕದೊಂದಿಗೆ ಚೂಪಾಗಿ ಏರಿಳಿಯುತ್ತಿದ್ದು ಇನ್ನೊಂದು ಅಲ್ಲಾಡದೆ ನಿಂತಿದ್ದರೆ ಆ ದತ್ತಾಂಶವನ್ನು ಅನುಮಾನಿಸಬೇಕು. ಮರ ಅಥವಾ ನಾರು ಸೇರಿದ ಸಂಯುಕ್ತ ವಸ್ತುಗಳಲ್ಲಿ ಮಾದರಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮತ್ತೊಮ್ಮೆ ಅಳೆಯುವುದು ಕಡ್ಡಾಯ, ಏಕೆಂದರೆ ನಾರಿನ ಉದ್ದಕ್ಕೂ ಅಡ್ಡಕ್ಕೂ ಗುಣ ಬೇರೆ.

ಈ ಅಲೆಗಳಿಂದ ಅಪಾಯವಿದೆಯೇ?

ಅನಲೈಸರ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟ್‌ನ ಆಸುಪಾಸು. ಹೆಚ್ಚುವರಿ ಆಂಪ್ಲಿಫೈಯರ್ ಜೋಡಿಸದ ಹೊರತು ಚಿಂತೆಗೆ ಕಾರಣವಿಲ್ಲ. ಟೆರಾಹರ್ಟ್ಸ್ ಸಜ್ಜಿಕೆಯಲ್ಲಿ ಜಾಗ್ರತೆ ಬೇಕಿರುವುದು ಅದರ ಲೇಸರಿಗೆ.

ಲೋಹದ ಮೇಲೆ ಅಂಟಿಸಿದ ತೆಳು ಲೇಪನವನ್ನು ಒಂದೇ ಬದಿಯಿಂದ ಅಳೆಯಬಹುದೇ?

ಅಳೆಯಬಹುದು, ಆದರೆ ಯಾವ ಗುಣವನ್ನು ಎಂಬುದು ದಪ್ಪದ ಮೇಲೆ ನಿಂತಿದೆ. ಲೋಹದ ಮೇಲ್ಮೈಗೆ ಸಮಾಂತರವಾದ ವಿದ್ಯುತ್ ಕ್ಷೇತ್ರ ಅಲ್ಲಿ ಸೊನ್ನೆಯಾಗಲೇಬೇಕು, ಕಾಂತಕ್ಷೇತ್ರ ಮಾತ್ರ ಗರಿಷ್ಠವಾಗಿರುತ್ತದೆ. ಲೇಪನದ ದಪ್ಪ ಅದರೊಳಗಿನ ಅಲೆಯುದ್ದದ ಕಾಲು ಭಾಗಕ್ಕಿಂತ ಬಹಳ ಕಡಿಮೆಯಿದ್ದರೆ ಅದು ವಿದ್ಯುತ್ ಕ್ಷೇತ್ರವನ್ನು ಕಾಣುವುದೇ ಇಲ್ಲ ಎನ್ನಬಹುದು. ಲಂಬವಾಗಿ ಬಿದ್ದ ಅಲೆಯ ಪ್ರತಿಫಲನ ಆಗ ದಪ್ಪ ಮತ್ತು ಪರ್ಮಿಯಬಿಲಿಟಿಯನ್ನು ಮಾತ್ರ ಅವಲಂಬಿಸುತ್ತದೆ. ಪರ್ಮಿಟಿವಿಟಿ ಎರಡಿದ್ದರೂ ಹತ್ತಿದ್ದರೂ ಅಳತೆ ಹೆಚ್ಚುಕಡಿಮೆ ಒಂದೇ. ಫೆರೈಟ್ (ಕಬ್ಬಿಣದ ಆಕ್ಸೈಡ್ ಇರುವ ಕಾಂತೀಯ ಸೆರಾಮಿಕ್) ತುಂಬಿದ, ಅಲೆಗಳನ್ನು ಹೀರುವ ಲೇಪನಗಳ ಪರ್ಮಿಯಬಿಲಿಟಿ ತಿಳಿಯಲು ಇದು ವರ. ಪರ್ಮಿಟಿವಿಟಿಯೇ ಬೇಕಿದ್ದರೆ ಆವರ್ತಾಂಕವನ್ನು ಏರಿಸಿ ಲೇಪನದ ದಪ್ಪ ಕಾಲು ಅಲೆಯುದ್ದವನ್ನು ಸಮೀಪಿಸುವಂತೆ ಮಾಡಬೇಕು. ಅದೂ ಆಗದಿದ್ದರೆ, ಅದೇ ಲೇಪನವನ್ನು ಲೋಹದ ಬದಲು ಗುಣ ಗೊತ್ತಿರುವ ಪ್ಲಾಸ್ಟಿಕ್ ಹಲಗೆಯ ಮೇಲೆ ಹಚ್ಚಿ, ಹಾದುಹೋಗುವ ಅಲೆಯಿಂದ ಅಳೆಯಬೇಕು.